ಪಶ್ಚಿಮದ ಕಿಟಕಿಗೆ ಬಗ್ರು ಅಚ್ಚಿನ ಪರದೆ ಹೊಲಿಸಬಹುದೇ?

ಪ್ರಶ್ನೆ:
ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ 5 ಅಡಿ ಅಗಲದ ಕಿಟಕಿಯೊಂದು ಪಶ್ಚಿಮಕ್ಕಿದೆ. ಅದಕ್ಕೆ ರಾಜಸ್ಥಾನದ ಬಗ್ರು ಅಚ್ಚಿನ ಹತ್ತಿ ಬಟ್ಟೆಯಲ್ಲಿ 7 ಅಡಿ ಉದ್ದದ ಪರದೆ ಹೊಲಿಸುವ ಆಸೆಯಿದೆ. ಆದರೆ ಎರಡು ವರ್ಷದ ಹಿಂದೆ ಒಂದು ಮಳಿಗೆಯಿಂದ ಇಂಥದೇ ಬಟ್ಟೆಯೆಂದು ತಂದು ಹೊಲಿಸಿದ್ದ ಪರದೆ ಮೊದಲ ಒಗೆತಕ್ಕೇ ಮೂರು ಬೆರಳು ಮೇಲೇರಿತು. ವರ್ಷ ತುಂಬುವಷ್ಟರಲ್ಲಿ ನಿರಿಗೆಯ ಒಳಭಾಗದಲ್ಲಿ ಮಾತ್ರ ಕೆಂಪು ಉಳಿದು, ಬಿಸಿಲಿಗೆ ಸಿಕ್ಕಿದ್ದೆಲ್ಲ ಪೇಲವವಾಯಿತು. ನೈಸರ್ಗಿಕ ಬಣ್ಣದ ಹಣೆಬರಹವೇ ಇದೇ? ಈ ಬಾರಿ 6 ಮೀಟರ್ ಸಾಕೆಂದು ದರ್ಜಿಯವರು ಹೇಳುತ್ತಿದ್ದಾರೆ.

ಉತ್ತರ 1:
ನಿಮಗೆ ಸಿಕ್ಕಿದ್ದು ನಿಜವಾದ ಬಗ್ರು ಬಟ್ಟೆಯೇ ಎಂಬುದು ನನ್ನ ಅನುಮಾನ. ಬಗ್ರುವಿನಲ್ಲಿ ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಆಮೇಲೆ ಕಪ್ಪು ಬೇಕಾದಲ್ಲಿ ಕಬ್ಬಿಣದ ಚೂರುಗಳನ್ನು ಬೆಲ್ಲದೊಂದಿಗೆ ಹುಳಿಯಿಸಿದ ರಸವನ್ನೂ, ಕೆಂಪು ಬೇಕಾದಲ್ಲಿ ಅಂಟು ಬೆರೆಸಿದ ಪಟಿಕವನ್ನೂ ಅಚ್ಚಿನಿಂದ ಒತ್ತಿ, ಅಲಿಜರಿನ್ ಎಂಬ ಕೆಂಪು ಬಣ್ಣ ಹಾಕಿದ ಹಂಡೆಯಲ್ಲಿ ಕುದಿಸಿದಾಗ ಪಟಿಕ ಬಿದ್ದ ಕಡೆಯಷ್ಟೇ ಕೆಂಪೇರುತ್ತದೆ. ಹೀಗೆ ನೂಲಿನೊಳಗೇ ಕಟ್ಟಿಕೊಂಡ ಕೆಂಪು ಅಷ್ಟು ಬೇಗ ಸೋಲುವುದಿಲ್ಲ. ಬಿಸಿಲಿಗೆ ಸೋಲುವುದು ಅಳಲೆಕಾಯಿ ಕೊಡುವ ನಸುಹಳದಿ. ಆದ್ದರಿಂದ ನೆಲಬಣ್ಣ ತುಸು ಬೆಳ್ಳಗಾಗುವುದನ್ನು ಒಪ್ಪಿಕೊಂಡೇ ಕೊಳ್ಳಬೇಕು.

ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು, ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಸಂದನ್ನು ಹುಡುಕಿರಿ. ಅಲ್ಲಿ ಬಳ್ಳಿಯ ಗೆರೆ ಕೂದಲೆಳೆಯಷ್ಟು ತಪ್ಪಿರುತ್ತದೆ, ಇಲ್ಲವೇ ಒಂದರ ಮೇಲೊಂದು ಬಿದ್ದು ಗಾಢವಾಗಿರುತ್ತದೆ. ಎಲ್ಲ ಹೂವೂ ಒಂದೇ ಪಡಿಯಚ್ಚಿನಂತಿದ್ದರೆ ಅದು ಬಹುಪಾಲು ಸ್ಕ್ರೀನ್ ಪ್ರಿಂಟ್. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಉಜ್ಜಿ ನೋಡುವುದಕ್ಕೂ ಸಂಕೋಚಪಡಬೇಡಿ.

ಉತ್ತರ 2:
ದರ್ಜಿಯವರ ಲೆಕ್ಕ ತಪ್ಪು. ನಿರಿಗೆ ಚೆನ್ನಾಗಿ ಬೀಳಬೇಕಾದರೆ ಕಿಟಕಿಯ ಅಗಲದ ಎರಡರಷ್ಟು, ಅಂದರೆ 120 ಇಂಚು ಬಟ್ಟೆ ಬೇಕು. ಅಚ್ಚಿನ ಬಟ್ಟೆಯ ಪನ್ನ ಸಾಮಾನ್ಯವಾಗಿ 44 ಇಂಚು ಇರುವುದರಿಂದ ಮೂರು ಪನ್ನ ಜೋಡಿಸಬೇಕಾಗುತ್ತದೆ. ಮೇಲು-ಕೆಳಗಿನ ಮಡಿಕೆ ಸೇರಿ ಒಂದೊಂದಕ್ಕೆ 94 ಇಂಚು ಹಿಡಿದರೂ 7.2 ಮೀಟರ್ ಬಂತು. ಕುಗ್ಗುವುದಕ್ಕೂ ವಿನ್ಯಾಸ ಕೂಡಿಸುವುದಕ್ಕೂ ಸೇರಿಸಿ 8 ಮೀಟರ್ ತನ್ನಿ. ಇಡೀ ಬಟ್ಟೆಯನ್ನು ನೆನೆಸಿ, ನೆರಳಲ್ಲಿ ಒಣಗಿಸಿದ ಮೇಲೆಯೇ ಕತ್ತರಿ ಹಾಕಿಸಿ. ಹಿಂಬದಿಗೆ ದಟ್ಟ ನೇಯ್ಗೆಯ ತಿಳಿಬಣ್ಣದ ಅಸ್ತರು ಕೊಡಿಸಿದರೆ ಬಿಸಿಲಿನ ಹೊಡೆತವನ್ನು ಅದೇ ತಿನ್ನುತ್ತದೆ. ಅಸ್ತರನ್ನೂ ಮೊದಲೇ ನೆನೆಸಬೇಕು. ಇಲ್ಲವಾದರೆ ಅದೊಂದೇ ಕುಗ್ಗಿ ಪರದೆ ಸುಕ್ಕುಗಟ್ಟುತ್ತದೆ. ನಾನು ಹಾಗೆ ಮಾಡಿಯೇ ಕಲಿತದ್ದು.

ಉತ್ತರ 3:
ನೈಸರ್ಗಿಕ ಬಣ್ಣವೆಲ್ಲ ಕಚ್ಚಾ ಎನ್ನುವುದು ಅನ್ಯಾಯ. ನಮ್ಮಲ್ಲಿ ಚೀಟಿ ಬಟ್ಟೆ ಎನ್ನುವ ಈ ಬಗೆಯ ಹತ್ತಿಬಟ್ಟೆಗೆ ಯುರೋಪು ಮರುಳಾದದ್ದೇ ಅದು ಒಗೆದರೂ ಬಣ್ಣ ಬಿಡುವುದಿಲ್ಲವೆಂದು. ಅಲ್ಲಿನ ನೇಕಾರರ ಹೊಟ್ಟೆಗೆ ಹೊಡೆತ ಬಿದ್ದು, 1686ರಲ್ಲಿ ಫ್ರಾನ್ಸ್ ಇದನ್ನು ನಿಷೇಧಿಸಿತು. 1721ರ ಇಂಗ್ಲೆಂಡಿನ ಕಾಯಿದೆಯಂತೂ ಉಡುಪಿನಲ್ಲಷ್ಟೇ ಅಲ್ಲ, ಪರದೆ, ಹಾಸಿಗೆಗಳಲ್ಲೂ ಬಳಸಕೂಡದೆಂದಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಳೆಯ ಪರದೆಯನ್ನು ತೆಗೆದು ನೋಡಿದೆ. ಸಂದು ಎಲ್ಲೂ ಕಾಣಲಿಲ್ಲ, ಹಿಂಬದಿ ಬಹುತೇಕ ಬೆಳ್ಳಗೇ ಇದೆ. 8 ಮೀಟರ್ ಬಟ್ಟೆಗೂ ಅಸ್ತರಿಗೂ ಹೇಳಿದ್ದೇನೆ. ಹಳೆಯದರ ನಿರಿಗೆಯೊಳಗೆ ಉಳಿದ ಕೆಂಪು ಪಟ್ಟಿಗಳಲ್ಲಿ ಎರಡು ದಿಂಬಿನ ಗವುಸಾದರೂ ಆಗಬಹುದು.