ಲ್ಯಾಕ್ಸ್ಟನ್‌ನಲ್ಲಿ ಇವತ್ತಿಗೂ ಬೇಲಿಯಿಲ್ಲದ ಬೇಸಾಯ ಇದೆಯಂತೆ, ನಿಜವೇ?

ಹಾದಿಹೋಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮಕ್ಕ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಈ ಸಲ ಅವಳ ಮನೆಗೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು ಲ್ಯಾಕ್ಸ್ಟನ್ ಅನ್ನೋ ಹಳ್ಳಿ ನೋಡಿ ಬರಬೇಕು ಅಂತಿದ್ದೇನೆ. ಮಧ್ಯಯುಗದ ಬೇಸಾಯ ಪದ್ಧತಿ ಅಲ್ಲಿ ಇನ್ನೂ ಉಳಿದಿದೆ, ಹೊಲಗಳ ನಡುವೆ ಬೇಲಿ ಇಲ್ಲ, ಬದುವಿನ ತಕರಾರಿಗೆ ಊರಿನದೇ ನ್ಯಾಯಾಲಯ ಇದೆ ಅಂತ ಓದಿದೆ. ಇದೆಲ್ಲ ಪ್ರವಾಸಿಗರಿಗಾಗಿ ಉಳಿಸಿಕೊಂಡಿರೋದಾ, ಇಲ್ಲ ಜನ ನಿಜವಾಗಿಯೂ ಹೀಗೇ ಬೇಸಾಯ ಮಾಡಿ ಬದುಕ್ತಾರಾ? ಹೋದರೆ ಏನು ನೋಡಬೇಕು?

ಬದುವಿನಂಚು ಬರೆದದ್ದು:

ನಿಜವಾಗಿಯೂ ಹೀಗೇ ಬದುಕ್ತಾರೆ. ನಾನಿರೋದು ನ್ಯೂವಾರ್ಕ್‌ನಲ್ಲಿ, ಕಾರಿನಲ್ಲಿ ಹೊರಟರೆ ಅರ್ಧ ಗಂಟೆಯೊಳಗೆ ಲ್ಯಾಕ್ಸ್ಟನ್. ಈ ಊರಿನ ಬಗ್ಗೆ ಯಾರಾದರೂ ಕೇಳಿದರೆ ನನಗೆ ಸುಮ್ಮನಿರೋಕಾಗಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ನೇಗಿಲು, ಕುದುರೆ, ಹಳೇ ಉಡುಪು ಹಾಕಿದ ಜನ ಇವನ್ನೆಲ್ಲ ನಿರೀಕ್ಷಿಸಬೇಡಿ. ಟ್ರ್ಯಾಕ್ಟರ್ ಇದೆ, ಕಂಬೈನ್ ಇದೆ, ಬೆಳೆದ ಗೋಧಿ ಮಾರುಕಟ್ಟೆಗೇ ಹೋಗುತ್ತದೆ. ಹಳೆಯದಾಗಿ ಉಳಿದಿರುವುದು ಹೊಲದ ಹಂಚಿಕೆ ಮತ್ತು ಅದರ ಕಟ್ಟುಪಾಡು. ಊರಿಗೆ ಮೂರು ದೊಡ್ಡ ಹೊಲಗಳು: ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಒಬ್ಬೊಬ್ಬ ರೈತನಿಗೂ ಮೂರರಲ್ಲೂ ಅಲ್ಲಲ್ಲಿ ಪಟ್ಟಿಗಳಿವೆ, ಅಂದರೆ ಉದ್ದನೆಯ ನೆಲದ ತುಂಡುಗಳು. ಒಂದು ಹೊಲದಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು, ಈಗೀಗ ಅದರಲ್ಲಿ ಮೇವು. ಮರುವರ್ಷ ಸರದಿ ಬದಲಾಗುತ್ತದೆ. ನನ್ನ ಪಟ್ಟಿ, ನನ್ನಿಷ್ಟ ಬಂದದ್ದು ಹಾಕುತ್ತೇನೆ ಅನ್ನುವ ಹಾಗಿಲ್ಲ. ಜೇಡಿಮಣ್ಣಿನ ನೆಲ, ಒಂದು ಕಡೆ ನೀರು ನಿಂತರೆ ಇನ್ನೊಂದು ಕಡೆ ಬಸಿಯುತ್ತದೆ. ಪಟ್ಟಿಗಳು ಹೀಗೆ ಚದುರಿದ್ದರೆ ಒಳ್ಳೇ ಮಣ್ಣೆಲ್ಲ ಒಬ್ಬನ ಪಾಲು, ಕೆಟ್ಟದ್ದೆಲ್ಲ ಇನ್ನೊಬ್ಬನ ಪಾಲು ಆಗುವುದಿಲ್ಲ.

ನೋಡಲೇಬೇಕಾದದ್ದು ಅಂದರೆ ನವೆಂಬರ್ ಕೊನೆಯ ಜ್ಯೂರಿ ದಿನ. ಆ ವರ್ಷ ಗೋಧಿ ಬಿತ್ತಿದ ಹೊಲವನ್ನು ಊರಿನ ರೈತರೇ ಇರುವ ಜ್ಯೂರಿ, ಅಂದರೆ ತೀರ್ಪುಗಾರರ ಗುಂಪು, ಸುತ್ತಿ ಪರೀಕ್ಷಿಸುತ್ತದೆ. ನಾನು ಹೊಲದ ದಾರಿಯಲ್ಲಿ ನಿಂತು ನೋಡಿದ್ದೇನೆ. ಟ್ರೇಲರ್‌ನಲ್ಲಿ ಮರದ ಗೂಟಗಳನ್ನು ಹೇರಿಕೊಂಡು ಬರುತ್ತಾರೆ. ಒಬ್ಬರು ಗೂಟ ಹಿಡಿದು ನಿಂತರೆ ಇನ್ನೊಬ್ಬರು ದೂರದಿಂದ ಕಣ್ಣಳತೆಯಲ್ಲಿ ಗೆರೆ ನೋಡುತ್ತಾರೆ, ಕೈ ಸನ್ನೆಯಲ್ಲೇ "ಇನ್ನೂ ಈ ಕಡೆ, ಸಾಕು" ಅನ್ನುತ್ತಾರೆ, ಆಮೇಲೆ ಸುತ್ತಿಗೆ ಏಟು. ಉಳುಮೆಯ ಸಾಲು ಆ ಗೆರೆ ದಾಟಿ ದಾರಿಯನ್ನೋ ಹುಲ್ಲುಪಟ್ಟಿಯನ್ನೋ ತಿಂದಿದ್ದರೆ ಅಲ್ಲೇ ಬರೆದುಕೊಳ್ಳುತ್ತಾರೆ. ತಪ್ಪು ಮಾಡಿದವನು ಎಷ್ಟೋ ಸಲ ಆ ಗುಂಪಿನಲ್ಲೇ ನಿಂತಿರುತ್ತಾನೆ! ಕೋಪತಾಪ ನಾನು ಕಂಡಿಲ್ಲ. ಆದರೆ ಯಾರೂ ಕಂಡೂ ಕಾಣದ ಹಾಗೆ ಮುಂದೆ ಹೋಗುವುದಿಲ್ಲ, ನನಗೆ ಅದೇ ದೊಡ್ಡದಾಗಿ ಕಂಡದ್ದು.

ಮುಂದಿನ ವಾರ ಊರಿನ ಪಬ್ ಡವ್‌ಕೋಟ್ ಇನ್‌ನಲ್ಲಿ ಕೋರ್ಟ್ ಲೀಟ್, ಅಂದರೆ ನೀವು ಓದಿದ ಊರಿನ ನ್ಯಾಯಾಲಯ, ಸೇರುತ್ತದೆ. ಜ್ಯೂರಿ ತನ್ನ ವರದಿ ಒಪ್ಪಿಸಿ, ದಂಡ ಹಾಕಿ, ಮುಂದಿನ ವರ್ಷದ ಹೊಲಕ್ಕೆ ಹೊಸ ಜ್ಯೂರಿಗೆ ಪ್ರಮಾಣವಚನ ಆಗುತ್ತದೆ. ದಂಡದ ಮೊತ್ತ ಸಣ್ಣದು, ಆದರೆ ಅಕ್ಕಪಕ್ಕದವರೆಲ್ಲರ ಮುಂದೆ ಹೆಸರು ಓದಿಸಿಕೊಳ್ಳಬೇಕು. ಬರೀ ಹಳೇ ನೆನಪಿಗೆ ನಡೆಸುವ ಸಭೆ ಇದು ಅಂದುಕೊಳ್ಳಬೇಡಿ. 1977ರ ಕಾಯ್ದೆ ಇಂಗ್ಲೆಂಡಿನ ಇಂಥ ಪುರಾತನ ನ್ಯಾಯಾಲಯಗಳ ಅಧಿಕಾರವನ್ನು ತೆಗೆದುಹಾಕಿದಾಗ ಲ್ಯಾಕ್ಸ್ಟನ್ ಹೆಸರನ್ನು ಬರೆದೇ ವಿನಾಯಿತಿ ಕೊಟ್ಟಿತು.

ನಕ್ಷೆಪ್ರೇಮಿ ಬರೆದದ್ದು:

ಬದುವಿನಂಚು ಅವರು ನಕ್ಷೆಯ ವಿಷಯ ಬಿಟ್ಟರು, ನಾನು ಸೇರಿಸುತ್ತೇನೆ. ಸರ್ ವಿಲಿಯಂ ಕೋರ್ಟನ್ ಎಂಬ ಶ್ರೀಮಂತ ವ್ಯಾಪಾರಿ ಈ ಮ್ಯಾನರ್ (ಊರಿನ ಒಡೆತನದ ಎಸ್ಟೇಟು) ಕೊಂಡ ಮೇಲೆ, 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಇಡೀ ಊರನ್ನು ಅಳೆದು ನಕ್ಷೆ ಮಾಡಿದ. ಒಂದೊಂದು ಪಟ್ಟಿಯೂ ಅದರಲ್ಲಿದೆ. ಉಳುವವರು, ಕೊಯ್ಯುವವರು, ಬೇಟೆಗೆ ಹೊರಟವರು ಎಲ್ಲರೂ ಬೆರಳುಗುರಿಗಿಂತ ಚಿಕ್ಕ ಚಿತ್ರಗಳಾಗಿ ಹೊಲದ ಮೇಲೇ ಇದ್ದಾರೆ. ಮೂಲ ಪ್ರತಿ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ಪ್ರತಿಯೊಂದನ್ನು ನೋಡಿಕೊಂಡು ಹೋಗಿ, ಊರಬೀದಿ ಇವತ್ತಿಗೂ ಗುರುತು ಸಿಗುತ್ತದೆ. ಪಟ್ಟಿಗಳು ಮಾತ್ರ ಅಂದು ಸಾವಿರಗಳಲ್ಲಿದ್ದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೂಡಿಸಿ ದೊಡ್ಡದು ಮಾಡಿದರು, ಈಗ ತುಂಬ ಕಡಿಮೆ.

ಊರಿನ ಉತ್ತರಕ್ಕೆ ನಾರ್ಮನ್ ಕಾಲದ ಕೋಟೆಯ ಮಣ್ಣುದಿಬ್ಬ ಇದೆ, ತಪ್ಪದೆ ಹತ್ತಿ. ಶೆರ್ವುಡ್ ಕಾಡಿನ ವಂಶಪಾರಂಪರ್ಯ ಪಾಲಕರಾಗಿದ್ದ ಎವರಿಂಗ್‌ಹ್ಯಾಮ್ ಮನೆತನದ ಊರು ಇದು.

ಗೇಣಿಲೆಕ್ಕ ಬರೆದದ್ದು:

ಓದೋಕೆ ಚೆನ್ನಾಗಿದೆ. ಆದರೆ ಜಮೀನು ಯಾರದು? ಈ ರೈತರೆಲ್ಲ ಗೇಣಿದಾರರು ತಾನೆ? ಒಡೆಯನ ಹೆಸರಲ್ಲಿ ನಡೆಯುವ ಕೋರ್ಟನ್ನು ಊರಿನ ಒಗ್ಗಟ್ಟು ಅಂತ ಹೊಗಳೋದು ಎಷ್ಟು ಸರಿ? ಅದಲ್ಲದೆ ಬೇರೆಲ್ಲ ಕಡೆ ಹೋದದ್ದು ಇಲ್ಲೊಂದೇ ಕಡೆ ಹೇಗೆ ಉಳೀತು?

ಬದುವಿನಂಚು ಬರೆದದ್ದು:

ಕೇಳಬೇಕಾದ ಪ್ರಶ್ನೆಯೇ ಕೇಳಿದ್ದೀರಿ. ಹೌದು, ಹೊಲ ಉಳುವವರು ಗೇಣಿದಾರರು. ಕೋರ್ಟ್ ನಡೆಸುವ ಸ್ಟೂವರ್ಡ್ ಒಡೆಯನ ಕಡೆಯವನೇ. ಆದರೆ ಹೊಲಕ್ಕಿಳಿದು ಗೂಟ ಹೊಡೆದು ತಪ್ಪು ಒಪ್ಪು ಹೇಳುವವರು ಉಳುವವರೇ, ಸ್ಟೂವರ್ಡ್ ಅಲ್ಲ. ನಾನು ಬೆಲೆ ಕೊಡುವುದು ಅದಕ್ಕೆ.

ಬೇರೆ ಕಡೆ ಹೇಗೆ ಹೋಯಿತು ಅಂದರೆ, 1604ರಿಂದ 1914ರವರೆಗೆ ಪಾರ್ಲಿಮೆಂಟಿನಲ್ಲಿ 5,200ಕ್ಕೂ ಹೆಚ್ಚು ಮಸೂದೆಗಳ ಮೂಲಕ ತೆರೆದ ಹೊಲಗಳಿಗೂ ಗೋಮಾಳಗಳಿಗೂ ಬೇಲಿ ಬಿತ್ತು. ಹಸು ಮೇಯಿಸುವ ಹಕ್ಕಿನಲ್ಲೇ ಬದುಕುತ್ತಿದ್ದ ಎಷ್ಟೋ ಬಡವರು ಕೂಲಿಗೆ ಬಿದ್ದರು. ಲ್ಯಾಕ್ಸ್ಟನ್‌ನಲ್ಲೂ ಒಂದಷ್ಟು ಭೂಮಿಗೆ ಬೇಲಿ ಬಿದ್ದಿದೆ. ಆದರೆ ಇಲ್ಲಿ ಭೂಮಿ ಮುಖ್ಯವಾಗಿ ಇಬ್ಬರು ದೊಡ್ಡ ಜಮೀನ್ದಾರರ ನಡುವೆ ಹಂಚಿಹೋಗಿತ್ತು, ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್ಬರೊ. ಬೇಲಿ ಹಾಕಬೇಕಾದರೆ ಚದುರಿದ ಪಟ್ಟಿಗಳನ್ನು ಅದಲುಬದಲು ಮಾಡಿಕೊಂಡು ಒಟ್ಟುಗೂಡಿಸಬೇಕು, ಅದಕ್ಕೆ ಇಬ್ಬರ ಮಧ್ಯೆ ಒಮ್ಮತವಾಗಲಿಲ್ಲ. ಊರಿನವರ ಹೋರಾಟ ಇದನ್ನು ಉಳಿಸಿತು ಅಂತ ನಾನು ಹೇಳುವುದಿಲ್ಲ. ಆಮೇಲೆ 1952ರಲ್ಲಿ ಸರ್ಕಾರದ ಕೃಷಿ ಸಚಿವಾಲಯ ಕೊಂಡಿತು, 1981ರಲ್ಲಿ ಬ್ರಿಟಿಷ್ ಸಿಂಹಾಸನದ ಹೆಸರಿನ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಹೋಯಿತು, 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್‌ಗೆ ಬಂತು. ಅದು ಮ್ಯಾನ್ವರ್ಸ್ ಮನೆತನದ್ದೇ ಎಸ್ಟೇಟು.

ಮುಂದೇನು ಅನ್ನುವುದೇ ನನ್ನ ಚಿಂತೆ. ಗೇಣಿ ಹಿಡಿಯಲು ಹೊಸಬರು ಬರಬೇಕು, ಇಷ್ಟು ಸಣ್ಣ ಹಿಡುವಳಿಯಲ್ಲಿ ಸಂಸಾರ ನಡೆಯಬೇಕು, ಜೊತೆಗೆ ಸರದಿಯ ಕಟ್ಟುಪಾಡು ಒಪ್ಪಬೇಕು. ಇಡೀ ಊರು ಬೇಡ, ಜ್ಯೂರಿಗೆ ಸಾಕಾಗುವಷ್ಟು ರೈತರು ಇಲ್ಲವಾದರೂ ಈ ಕೋರ್ಟ್ ನಿಲ್ಲುತ್ತದೆ. ಅದಕ್ಕೇ ಹಾದಿಹೋಕರಂಥವರು ಹೋಗಿ ನೋಡಬೇಕು ಅನ್ನುವುದು.

ಹಾದಿಹೋಕ ಬರೆದದ್ದು:

ಎಲ್ಲರಿಗೂ ಧನ್ಯವಾದ. ನಾವು ಹೋಗೋದು ಜೂನ್ ಕೊನೆಗೆ, ನವೆಂಬರ್ ಆಗಲ್ಲ. ಆಗ ಹೋದರೆ ನಷ್ಟವೇ?

ಬದುವಿನಂಚು ಬರೆದದ್ದು:

ಏನೂ ನಷ್ಟವಿಲ್ಲ. ಹೊಲಗಳ ನಡುವೆ ತಗ್ಗಿನಲ್ಲಿ ಉಳಲಾಗದ ಹುಲ್ಲುಪಟ್ಟಿಗಳಿವೆ, ಸೈಕ್ ಅಂತಾರೆ. ನೇಗಿಲು ತಾಗದ ನೆಲವಾದ್ದರಿಂದ ಜೂನ್‌ನಲ್ಲಿ ಕಾಡುಹೂ ತುಂಬಿರುತ್ತವೆ. ಅದಕ್ಕೆಂದೇ ಕಾನೂನಿನ ರಕ್ಷಣೆಯೂ ಇದೆ. ಆ ಹುಲ್ಲನ್ನು ಬೇಸಿಗೆಯಲ್ಲಿ ಹರಾಜು ಹಾಕುತ್ತಾರೆ, ಕೊಂಡವರು ಕೊಯ್ದು ಒಣಹುಲ್ಲು ಮಾಡಿಕೊಳ್ಳುತ್ತಾರೆ. ಡವ್‌ಕೋಟ್ ಇನ್ ಪಕ್ಕದ ಪ್ರವಾಸಿ ಕೇಂದ್ರ ನೋಡಿ, ಬೀದಿಯುದ್ದಕ್ಕೂ ಒಂದು ಸಲ ನಡೆಯಿರಿ. ರೈತರ ಮನೆಗಳು ಹೊಲದಲ್ಲಿ ಒಂಟಿಯಾಗಿಲ್ಲ, ಊರೊಳಗೇ ಒತ್ತಾಗಿವೆ, ಕೆಲವು ಬೀದಿಗೆ ಪಕ್ಕದ ಗೋಡೆ ತೋರಿಸಿಕೊಂಡು ನಿಂತಿವೆ. ಆಮೇಲೆ ಹೊಲದ ದಾರಿ ಹಿಡಿಯಿರಿ. ಬೆಳೆಯೊಳಗೆ ಕಾಲಿಡಬೇಡಿ, ಮಳೆ ಬಂದಿದ್ದರೆ ಬೂಟು ಬೇಕೇ ಬೇಕು, ಆ ಜೇಡಿಮಣ್ಣು ಹಿಡಿದರೆ ಬಿಡುವುದಿಲ್ಲ.