ಹೊಗೆಸೊಪ್ಪಿನ ಕಷಾಯ ಬದನೆಗೆ ಹೊಡೆಯಬಹುದಾ?

ಪ್ರಶ್ನೆ (ಬದನೆ ಬೆಳೆಗಾರ, ಮಾಲೂರು): ಸರ್, ಅರ್ಧ ಎಕರೆ ಬದನೆಯಲ್ಲಿ ಹೇನು, ಜಿಗಿಹುಳು, ಕಾಯಿಕೊರಕ ಮೂರೂ ಇವೆ. 1 ಕೆಜಿ ಒಣ ಹೊಗೆಸೊಪ್ಪನ್ನು 10 ಲೀಟರ್ ನೀರಲ್ಲಿ ಕುದಿಸಿ ಸೋಸಿ, 16 ಲೀಟರ್ ಕ್ಯಾನಿಗೆ 1 ಲೀಟರ್ ಹಾಕಿ, ಸೋಪಿನ ನೀರು ಬೆರೆಸಿ ಹೊಡೀಬೇಕು ಅಂತಿದ್ದೀನಿ. ಗಿಡದ್ದೇ ಔಷಧಿ ತಾನೇ, ಮಾರನೇ ದಿನ ಕಾಯಿ ಕೀಳಬಹುದಲ್ವಾ?

ಉತ್ತರ (ಕೀಟಶಾಸ್ತ್ರ): ಬೇಡ. ಲೆಕ್ಕ ಹಾಕಿ ನೋಡಿ. ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ವಿಷ ಶೇ. 2 ಎಂದಿಟ್ಟುಕೊಂಡರೂ 1 ಕೆಜಿಯಲ್ಲಿ 20 ಗ್ರಾಂ. ಪೂರ್ತಿ ಇಳಿದರೆ ನಿಮ್ಮ ಕಷಾಯದ ಪ್ರತಿ ಲೀಟರಿನಲ್ಲಿ 2 ಗ್ರಾಂ, ಕ್ಯಾನಿನಲ್ಲಿ ಲೀಟರಿಗೆ ಸುಮಾರು 125 ಮಿಲಿಗ್ರಾಂ. ನೈಸರ್ಗಿಕ ಕೃಷಿಯವರು ಗಂಜಲದಲ್ಲಿ ಮಾಡುವ ಕೀಟನಾಶಕ ಕಷಾಯ ಅಗ್ನಿಅಸ್ತ್ರದಲ್ಲೂ ಹೊಗೆಸೊಪ್ಪು ಇರುತ್ತದೆ ಅನ್ನಬಹುದು. ಅಲ್ಲಿ 20 ಲೀಟರ್ ಗಂಜಲಕ್ಕೆ ಅರ್ಧ ಕೆಜಿ, ಅದರಲ್ಲಿ 6ರಿಂದ 8 ಲೀಟರನ್ನು ಮತ್ತೆ 200 ಲೀಟರ್ ನೀರಿಗೆ ಬೆರೆಸುತ್ತಾರೆ. ಕೊನೆಗೆ ಉಳಿಯುವುದು ಲೀಟರಿಗೆ 15ರಿಂದ 20 ಮಿಲಿಗ್ರಾಂ. ನಿಮ್ಮದು ಅದರ ಆರರಿಂದ ಎಂಟು ಪಟ್ಟು.

ಕಷಾಯ ಸೋಸುವಾಗ, ಕ್ಯಾನಿಗೆ ಸುರಿಯುವಾಗ ಅಪಾಯ ಇನ್ನೂ ಹೆಚ್ಚು. ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಸೋಪಿನ ಕ್ಷಾರ ಸೇರಿದರೆ ಇನ್ನೂ ಬೇಗ ಹೀರಿಕೊಳ್ಳುತ್ತದೆ. ಬೆನ್ನ ಮೇಲಿನ ಕ್ಯಾನ್ ಸೋರಿ ಅಂಗಿ ಒದ್ದೆಯಾದರೆ ವಾಂತಿ, ಬೆವರು, ಜೊಲ್ಲು, ತಲೆಸುತ್ತು. ಜಾಸ್ತಿಯಾದರೆ ಉಸಿರಾಟವೇ ಸೋಲುತ್ತದೆ. ಹಾಗಾದರೆ ಬಟ್ಟೆ ಕಳಚಿ, ಸೋಪು ಹಾಕಿ ಮೈ ತೊಳೆದು ತಕ್ಷಣ ಆಸ್ಪತ್ರೆಗೆ. ನಿಕೋಟಿನ್ ಸಲ್ಫೇಟ್ ಬಳಕೆಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಮನೆಯಲ್ಲಿ ಕುದಿಸಿದ್ದಕ್ಕೆ ಲೇಬಲ್ ಇಲ್ಲ, ಎಷ್ಟು ದಿನ ಕಾಯಬೇಕೆಂದು ಯಾರೂ ಅಳೆದಿಲ್ಲ. ಹಾಗಾಗಿ ಮಾರನೇ ದಿನ ಕೀಳಿ ಎಂದು ನಾನು ಹೇಳಲಾರೆ.

ಪ್ರಶ್ನೆ (ಟೊಮೆಟೊ ಬೆಳೆಗಾರ್ತಿ): ಮೇಲಿನವರಂತೆ ಕುದಿಸದೆ, ರಾತ್ರಿ ತಣ್ಣೀರಲ್ಲಿ ನೆನೆಸಿದರೆ?

ಉತ್ತರ: ಟೊಮೆಟೊ, ಮೆಣಸಿನಕಾಯಿಗೆ ಅದು ಇನ್ನೊಂದು ತಲೆನೋವು, ಮೇಡಂ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ಬದುಕಿರುತ್ತದೆ, ಸಾಯಬೇಕಾದರೆ 90 ಡಿಗ್ರಿ ದಾಟಬೇಕು. ತಣ್ಣೀರಿನ ಕಷಾಯ ಹೊಡೆದು ನೀವೇ ರೋಗ ಹಂಚಿದಂತಾಗುತ್ತದೆ.

ಪ್ರಶ್ನೆ (ಮಾಲೂರು): ಹಾಗಾದರೆ ಬೇವು? ಹೋದ ಸಲ ಹೊಡೆದೆ, ಒಂದು ಹುಳವೂ ಬೀಳಲಿಲ್ಲ.

ಉತ್ತರ: ಬೀಳುವುದಿಲ್ಲ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಹುಳುವಿಗೆ ಎಲೆ ರುಚಿಸದಂತೆ ಮಾಡುತ್ತದೆ, ಪೊರೆ ಕಳಚುವುದನ್ನು ಕೆಡಿಸುತ್ತದೆ. ಪರಿಣಾಮ ಕಾಣಲು ನಾಲ್ಕೈದು ದಿನ ಬೇಕು, ಅದೂ ಮರಿಹುಳುಗಳ ಮೇಲೆ. ಬಲಿತ ಹುಳುವಿಗೆ ಹೊಡೆದು ಫಲ ನೋಡಬೇಡಿ.

ಶೇ. 5ರ ಬೀಜದ ಕಷಾಯ ಹೀಗೆ ಮಾಡಿ: ನೆರಳಲ್ಲಿ ಒಣಗಿಸಿದ, 3 ತಿಂಗಳಿಗಿಂತ ಹಳೆಯ ಆದರೆ 8–10 ತಿಂಗಳು ಮೀರದ ಬೀಜ ತೆಗೆದುಕೊಳ್ಳಿ. ಬೂಷ್ಟು ಹಿಡಿದದ್ದನ್ನು ಆರಿಸಿ ಬಿಸಾಕಿ. ಸಿಪ್ಪೆ ಬಿಡಿಸಿದ 5 ಕೆಜಿ ತಿರುಳನ್ನು ಎಣ್ಣೆ ಬಿಡದಂತೆ ಮೆಲ್ಲಗೆ ಕುಟ್ಟಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಎರಡು ಮಡಿಕೆ ತೆಳುಬಟ್ಟೆಯಲ್ಲಿ ಸೋಸಿ 100 ಲೀಟರಿಗೆ ಏರಿಸಿ. ಎಲೆಗೆ ಅಂಟಲು ಸೋಪು 100ರಿಂದ 200 ಗ್ರಾಂ ಸಾಕು, ಕೊನೆಯಲ್ಲಿ ಬೆರೆಸಿ.

ನಿಮ್ಮದು ಕೆಟ್ಟಿದ್ದು ಬಹುಶಃ ನೀರಿನಿಂದ. ಬೋರ್‌ವೆಲ್ ನೀರು ಕ್ಷಾರವಾಗಿದ್ದರೆ ಅಜಾಡಿರಾಕ್ಟಿನ್ ಬೇಗ ಒಡೆಯುತ್ತದೆ. ಪಿಎಚ್ ಕಾಗದ ಅದ್ದಿ ನೋಡಿ. 8ಕ್ಕಿಂತ ಹೆಚ್ಚಿದ್ದರೆ ಸ್ವಲ್ಪ ನಿಂಬೆರಸ ಹಾಕಿ 6ರ ಆಸುಪಾಸಿಗೆ ತನ್ನಿ. ಬಿಸಿಲೂ ಅದಕ್ಕೆ ಶತ್ರು. ಆದ್ದರಿಂದ ಸಂಜೆ, ಎಲೆಯ ಅಡಿಭಾಗ ತೋಯುವಂತೆ ಹೊಡೆಯಿರಿ, ಅವತ್ತಿನದು ಅವತ್ತೇ ಮುಗಿಸಿ, 7ರಿಂದ 10 ದಿನಕ್ಕೆ ಮತ್ತೊಮ್ಮೆ. ಕಾಯಿ ಒಳಗೆ ಹೊಕ್ಕ ಕೊರಕಕ್ಕೆ ಮಾತ್ರ ಬೇವೂ ಮುಟ್ಟುವುದಿಲ್ಲ. ಬಾಡಿದ ಕುಡಿ, ತೂತಾದ ಕಾಯಿ ಕಿತ್ತು ಹೂಳಿ, ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿ.

ಪ್ರಶ್ನೆ (ಮತ್ತೊಬ್ಬರು): ಬೇವಿನೆಣ್ಣೆ ಮನೆಯಲ್ಲಿಟ್ಟರೆ ಮಕ್ಕಳಿಗೆ ತೊಂದರೆ ಇದೆಯಾ?

ಉತ್ತರ: ಮೈಗೆ ತಾಗಿದರೆ ಅಷ್ಟೇನಿಲ್ಲ. ಆದರೆ ಚಿಕ್ಕ ಮಕ್ಕಳಿಗೆ ಕುಡಿಸಿ ಅಪಸ್ಮಾರ, ಮೆದುಳಿನ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ, ಜಂತುಹುಳಕ್ಕೆಂದು ಒಂದು ಹನಿಯೂ ಬೇಡ. ಕೈಗೆಟುಕದಂತಿಡಿ, ಅಡುಗೆ ಎಣ್ಣೆಯ ಬಾಟಲಿಗೆ ತುಂಬಬೇಡಿ. ಇನ್ನು ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಕೀಟನಾಶಕ ಪೈರೆಥ್ರಮ್ ತಂದಿದ್ದರೆ ಜೇನುಪೆಟ್ಟಿಗೆ, ಮೀನಿನ ಕೆರೆ ಹತ್ತಿರ ಹೊಡೆಯಬೇಡಿ. ಅದು ಎರಡನ್ನೂ ಕೊಲ್ಲುತ್ತದೆ.