ಜಂಪಿಂಗ್ ಕುದುರೆ ಮುಂಗಾಲು ಊದ್ಕೊಂಡಿದೆ, ವಾರ ಬಿಟ್ಟು ಹತ್ತಬಹುದಾ?

ಯಲಹಂಕ ಸವಾರ:
ರೇಸಿಂದ ಬಂದಿರೋ ಥರೋಬ್ರೆಡ್, 9 ವರ್ಷ, ಈಗ ಶೋ ಜಂಪಿಂಗ್ ಮಾಡಿಸ್ತೀವಿ. ಮೊನ್ನೆ ಜಂಪ್ ಮಾಡ್ಸಿದ ಮಾರನೇ ದಿನ ನೋಡಿದ್ರೆ ಎಡ ಮುಂಗಾಲಲ್ಲಿ ಮಂಡಿ ಕೆಳಗೆ ಹಿಂದುಗಡೆ ಬಿಲ್ಲಿನ ಥರ ಉಬ್ಬಿದೆ, ಮುಟ್ಟಿದ್ರೆ ಬಿಸಿ, ಒತ್ತಿದ್ರೆ ಕಾಲು ಎಳ್ಕೊಳುತ್ತೆ. ಆದ್ರೆ ನಡೆಯುವಾಗ ಅಷ್ಟೇನೂ ಕುಂಟಲ್ಲ. ಒಂದ್ ವಾರ ರೆಸ್ಟ್ ಸಾಕಾ?

ಲಾಯದ ಹುಡುಗ:
ದಯವಿಟ್ಟು ಹತ್ತಬೇಡಿ ಸರ್. ಕುಂಟಲ್ಲ ಅಂತ ನಾನೂ ಒಂದು ಕುದುರೆಗೆ ನೋವಿನ ಔಷಧಿ ಕೊಟ್ಟು ಓಡಿಸಿದ್ದೆ, ನೋವು ಗೊತ್ತಾಗ್ದೆ ಅದು ಪೂರ್ತಿ ಭಾರ ಹಾಕ್ತು, ಸ್ವಲ್ಪ ಹರಿದಿದ್ದ ಟೆಂಡನ್ (ಮಾಂಸಖಂಡನ ಮೂಳೆಗೆ ಕಟ್ಟೋ ನಾರು) ಇನ್ನೂ ಜಾಸ್ತಿ ಹರೀತು, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಈಗ ಪೈಪಲ್ಲಿ ತಣ್ಣೀರು 20 ನಿಮಿಷ, ದಿನಕ್ಕೆ 2-3 ಸಲ ಬಿಡಿ. ಬ್ಯಾಂಡೇಜ್ ಇನ್ನೊಂದು ಮುಂಗಾಲಿಗೂ ಕಟ್ಟಿ, ಭಾರ ಎಲ್ಲ ಅದ್ರ ಮೇಲೇ ಬೀಳುತ್ತೆ.

ಕುದುರೆ ಡಾಕ್ಟ್ರು:
ನೀವು ಹೇಳಿದ್ ನೋಡಿದ್ರೆ ಕಾಲಿನ ಹಿಂದುಗಡೆ ಚರ್ಮದ ಕೆಳಗೇ ಇರೋ ಸೂಪರ್‌ಫಿಷಿಯಲ್ ಫ್ಲೆಕ್ಸರ್ ಟೆಂಡನ್ನಿಗೇ ಏಟಾಗಿದೆ ಅನ್ಸುತ್ತೆ, ಆದ್ರೂ ಅಲ್ಟ್ರಾಸೌಂಡ್ ಆಗ್ಲೇಬೇಕು. ಮೊದಲ ದಿನಗಳ ಸ್ಕ್ಯಾನಲ್ಲಿ ಏಟು ಕಮ್ಮಿ ಕಾಣಬಹುದು, ಅದಕ್ಕೇ ಒಂದೆರಡು ವಾರ ಬಿಟ್ಟು ಇನ್ನೊಂದ್ಸಲ ಮಾಡ್ಸಿ. ಊತ ಬಿಸಿ ಇಳಿದ ಮಾತ್ರಕ್ಕೆ ವಾಸಿ ಆಯ್ತು ಅಂತಲ್ಲ, ಅಲ್ಲಿ ಕೂಡ್ಕೊಳೋ ಹೊಸ ನಾರು ಹಳೇದರಷ್ಟು ಸ್ಪ್ರಿಂಗ್ ಥರ ಹಿಗ್ಗಲ್ಲ, ಮತ್ತೆ ಅಲ್ಲೇ ಇಲ್ಲಾ ಅದ್ರ ಪಕ್ಕದಲ್ಲೇ ಹರಿಯೋದು ಜಾಸ್ತಿ. ಮೊದ್ಲು ಲಾಯದಲ್ಲಿ ರೆಸ್ಟ್, ಆಮೇಲೆ ಕೈಯಲ್ಲಿ ಹಿಡ್ಕೊಂಡು ನಡೆಸೋದು, ಸ್ಕ್ಯಾನ್ ನೋಡ್ಕೊಂಡೇ ನಿಧಾನವಾಗಿ ಟ್ರಾಟ್ (ಮೆಲ್ಲಗೆ ಓಡಿಸೋದು). ದೊಡ್ಡ ಏಟಾದ್ರೆ 9ರಿಂದ 12 ತಿಂಗಳು ಹಿಡಿಯುತ್ತೆ.

ಯಲಹಂಕ ಸವಾರ:
ತುಂಬಾ ಥ್ಯಾಂಕ್ಸ್. ಜೀನು ತೆಗೆದಿಟ್ಟೆ, ನಾಳೆ ಸ್ಕ್ಯಾನ್.